ಮುಚ್ಚಿದ ಬಾಗಿಲಿನ ಮಾತು ಸಭೆಗೆ ಬಂದಾಗ

1951ನೆಯ ಇಸವಿ ಏಪ್ರಿಲ್ 12ನೆಯ ತಾರೀಖು, ಗುರುವಾರ. ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದಲ್ಲಿ ಆ ದಿನ ಬೆಳಿಗ್ಗೆ ‘ಐರಿಷ್ ಟೈಮ್ಸ್’ ಪತ್ರಿಕೆಯನ್ನು ಬಿಡಿಸಿದವರಿಗೆ, ಆ ದೇಶದ ಜನ ಅದುವರೆಗೆ ಎಂದೂ ಕಾಣದಿದ್ದ ಸಂಗತಿಯೊಂದು ಕಣ್ಣಿಗೆ ಬಿತ್ತು. ಪ್ರಧಾನಮಂತ್ರಿ, ಆರೋಗ್ಯಮಂತ್ರಿ ಮತ್ತು ಕ್ಯಾಥೊಲಿಕ್ ಬಿಷಪ್ಪರ ನಡುವೆ ತಿಂಗಳುಗಟ್ಟಲೆ ನಡೆದಿದ್ದ ಗೋಪ್ಯ ಪತ್ರವ್ಯವಹಾರವು ಅಲ್ಲಿ ಅಚ್ಚಾಗಿತ್ತು. ಹಿಂದಿನ ದಿನವಷ್ಟೇ ರಾಜೀನಾಮೆ ಕೊಟ್ಟಿದ್ದ ಆರೋಗ್ಯಮಂತ್ರಿ ಡಾಕ್ಟರ್ ನೋಯೆಲ್ ಬ್ರೌನ್ ಅವರೇ ಆ ಕಾಗದಗಳನ್ನು ಪತ್ರಿಕೆಗೆ ಕೊಟ್ಟಿದ್ದರು. ಆಗ ಅವರಿಗೆ 35 ವರ್ಷ.

ಕಾಗದಗಳಲ್ಲಿ ಇದ್ದುದು ಯುದ್ಧದ ವಿಷಯವಲ್ಲ, ಗಡಿಯ ವಿಷಯವಲ್ಲ, ಲಂಚದ ವಿಷಯವೂ ಅಲ್ಲ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಮತ್ತು 16 ವರ್ಷದೊಳಗಿನ ಮಕ್ಕಳಿಗೆ ಸರ್ಕಾರವು ಹಣ ಪಡೆಯದೆ ವೈದ್ಯರನ್ನು ಒದಗಿಸಬಹುದೇ, ಕೂಡದೇ ಎಂಬ ಪ್ರಶ್ನೆ ಅಲ್ಲಿತ್ತು. ಇಷ್ಟಕ್ಕಾಗಿ ಒಬ್ಬ ಮಂತ್ರಿಯ ಪದವಿ ಹೋಯಿತು. ಒಂದು ರಾಜಕೀಯ ಪಕ್ಷ ನುಚ್ಚುನೂರಾಯಿತು. ದೇಶವನ್ನು ಆಳುವವರು ಯಾರು ಎಂಬ ಮಾತನ್ನು ಜನ ಬೀದಿಯಲ್ಲಿ ನಿಂತು ಆಡಿಕೊಳ್ಳುವಂತಾಯಿತು. ಆ ಮಧ್ಯಾಹ್ನ ಪಾರ್ಲಿಮೆಂಟಿನಲ್ಲಿ ನಡೆದ ಚರ್ಚೆಯನ್ನು ಐರ್ಲೆಂಡಿನ ರಾಜಕೀಯ ಚರಿತ್ರೆ ಬರೆಯುವವರು ಇಂದಿಗೂ ದಾಟಿಹೋಗುವಂತಿಲ್ಲ.

ಒಂದು ಷಿಲಿಂಗಿನ ನೆನಪು

ಐರ್ಲೆಂಡಿನ ಪಾರ್ಲಿಮೆಂಟು ಸೇರುವುದು ಲೆನ್‌ಸ್ಟರ್ ಹೌಸ್ ಎಂಬ ಕಲ್ಲಿನ ಸೌಧದಲ್ಲಿ. ಹಿಂದೆ ಅದು ಡ್ಯೂಕನೊಬ್ಬನ ಅರಮನೆಯಾಗಿತ್ತು. ನಮ್ಮ ಲೋಕಸಭೆಗೆ ಸಮನಾದ ಕೆಳಮನೆಗೆ ಅಲ್ಲಿನವರು ‘ಡಾಯ್ಲ್’ ಎನ್ನುತ್ತಾರೆ. ಪ್ರಧಾನಮಂತ್ರಿಗೆ ‘ಟೀಶಕ್’ ಎಂಬ ಹೆಸರು. 1922ರಲ್ಲಿ ಬ್ರಿಟಿಷರ ಹಿಡಿತದಿಂದ ಬಿಡಿಸಿಕೊಂಡ ಆ ಚಿಕ್ಕ ರಾಜ್ಯದ ಬೊಕ್ಕಸದಲ್ಲಿ ಹಣ ಕಡಿಮೆ. ಹೊಸ ಸರ್ಕಾರದ ಅರ್ಥಮಂತ್ರಿ ಅರ್ನೆಸ್ಟ್ ಬ್ಲೈತ್ ಅವರು 1924ರಲ್ಲಿ ವೃದ್ಧರ ಪಿಂಚಿಣಿಯನ್ನು ವಾರಕ್ಕೆ 10 ಷಿಲಿಂಗಿನಿಂದ 9ಕ್ಕೆ ಇಳಿಸಿದರು. ಆಯವ್ಯಯದ ಲೆಕ್ಕದಲ್ಲಿ ಅದು ಸರಿಯೇ ಇದ್ದೀತು. ಆದರೆ ಮುದುಕರ ಕೈಯಿಂದ ಕಿತ್ತುಕೊಂಡ ಆ ಒಂದು ಷಿಲಿಂಗನ್ನು ಮತದಾರರು ದಶಕಗಳ ಕಾಲ ಮರೆಯಲಿಲ್ಲ. ಆತ ಮಾಡಿದ ಉಳಿದ ಕೆಲಸಗಳೆಲ್ಲ ಒಂದು ತೂಕ, ಆ ಷಿಲಿಂಗೇ ಒಂದು ತೂಕ ಎನ್ನುವಂತಾಯಿತು.

ಇಪ್ಪತ್ತು ವರ್ಷಗಳ ಅನಂತರ, 1944ರಲ್ಲಿ, ಡಾಯ್ಲ್ ಸಭೆ ಮಕ್ಕಳ ಭತ್ಯದ ಕಾಯಿದೆಯನ್ನು ಅಂಗೀಕರಿಸಿತು. ಮೂರನೆಯ ಮಗುವಿನಿಂದ ಮೊದಲ್ಗೊಂಡು ಪ್ರತಿಯೊಂದು ಮಗುವಿಗೂ ವಾರಕ್ಕೆ ಎರಡೂವರೆ ಷಿಲಿಂಗು. ಬಡವ ಬಲ್ಲಿದ ಎಂದು ವಿಚಾರಿಸದೆ ಎಲ್ಲ ಕುಟುಂಬಗಳಿಗೂ ಕೊಡಬೇಕೆಂಬ ಏರ್ಪಾಟು ಅದು. ಮಕ್ಕಳನ್ನು ಸಾಕುವುದು ತಂದೆಯ ಧರ್ಮವಲ್ಲವೆ, ಅದರಲ್ಲಿ ಸರ್ಕಾರ ಕೈಹಾಕುವುದು ಹೇಗೆ ಎಂಬ ಶಂಕೆ ಆಗಲೇ ಎದ್ದಿತ್ತು. ಆ ಶಂಕೆಯನ್ನು ಸಮಾಧಾನಪಡಿಸಲೋ ಎಂಬಂತೆ ಹಣವನ್ನು ತಂದೆಯ ಹೆಸರಿಗೇ ಬರೆದರು. ಮಗುವಿಗೆ ಹಾಲು ಕೊಳ್ಳುವ ತಾಯಿಯ ಕೈಗೆ ಆ ಹಣ ನೇರವಾಗಿ ಸೇರಲು 1974ರ ವರೆಗೆ ಕಾಯಬೇಕಾಯಿತು!

ಕೆಂಪು ಚೀಟಿ

ಕಾಯಿಲೆ ಬಿದ್ದ ಬಡವನ ಪಾಡು ಇನ್ನೂ ಕಷ್ಟದ್ದು. 1851ರಲ್ಲಿ ಬ್ರಿಟಿಷರು ಮಾಡಿದ್ದ ಡಿಸ್ಪೆನ್ಸರಿ ಕಾನೂನೇ ನೂರು ವರ್ಷವಾದರೂ ನಡೆದುಕೊಂಡು ಬಂದಿತ್ತು. ಡಾಕ್ಟರನ್ನು ಕಾಣಬೇಕಾದರೆ ಬಡವನು ಮೊದಲು ಒಂದು ಚೀಟಿ ಸಂಪಾದಿಸಬೇಕು. ತಾನು ನಿಜವಾಗಿಯೂ ನಿರ್ಗತಿಕನೆಂದು ಚೀಟಿ ಕೊಡುವವರ ಮನಸ್ಸಿಗೆ ತರಬೇಕು. ಹಾಸಿಗೆ ಹಿಡಿದ ರೋಗಿಯ ಮನೆಗೆ ಡಾಕ್ಟರರು ಬರಬೇಕಾದರೆ ಅದಕ್ಕೆ ಕೆಂಪು ಬಣ್ಣದ ಚೀಟಿ. ಡಿಸ್ಪೆನ್ಸರಿಯ ಬೆಂಚಿನ ಮೇಲೆ ಕುಳಿತವರು ಯಾರೆಂಬುದು ಊರಿಗೆಲ್ಲ ಗೊತ್ತು. ಸ್ವಲ್ಪ ಮಾನವಂತರಾದವರು ಈ ಬೆಂಚಿಗಿಂತ ಕಾಯಿಲೆಯೇ ಮೇಲೆಂದು ಮನೆಯಲ್ಲಿ ಉಳಿಯುತ್ತಿದ್ದುದೂ ಉಂಟು. ಸಂಬಳ ಸಾಧಾರಣವಾಗಿದ್ದ ಗುಮಾಸ್ತ, ಅಂಗಡಿಯವ, ಸಣ್ಣ ರೈತ ಇವರಿಗೆ ಚೀಟಿಯೂ ಸಿಕ್ಕದು, ಡಾಕ್ಟರರ ಫೀಜು ಕೊಡುವ ಶಕ್ತಿಯೂ ಸಾಲದು.

ಎಲ್ಲಕ್ಕೂ ಮಿಗಿಲಾಗಿ ಕ್ಷಯರೋಗ. 1940ರ ದಶಕದ ನಡುವೆ ಮೂವತ್ತು ಲಕ್ಷಕ್ಕೆ ತುಸುವೇ ಕಡಿಮೆ ಜನಸಂಖ್ಯೆಯ ಆ ದೇಶದಲ್ಲಿ ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಅದರಿಂದ ಸಾಯುತ್ತಿದ್ದರು. ಮನೆಯಲ್ಲಿ ಕ್ಷಯವಿದೆ ಎಂದು ತಿಳಿದರೆ ನೆರೆಹೊರೆಯವರು ಬರುವುದನ್ನು ನಿಲ್ಲಿಸುತ್ತಿದ್ದರು. ಹಾಗಾಗಿ ರೋಗದ ಹೆಸರನ್ನು ಮನೆಮಂದಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕ್ಷಯದ ಮನೆಯಲ್ಲಿ ಬೆಳೆದ ಮಂತ್ರಿ

ನೋಯೆಲ್ ಬ್ರೌನ್ ಹುಟ್ಟಿದುದು 1915ರ ಡಿಸೆಂಬರಿನಲ್ಲಿ, ವಾಟರ್‌ಫರ್ಡ್ ಪಟ್ಟಣದಲ್ಲಿ. ಮಕ್ಕಳಿಗೆ ಹಿಂಸೆಯಾಗದಂತೆ ನೋಡಿಕೊಳ್ಳುವ ಸಂಘವೊಂದರಲ್ಲಿ ತಂದೆ ಇನ್ಸ್‌ಪೆಕ್ಟರು. ಆತ ಕ್ಷಯದಿಂದ ಸತ್ತ. ಅದೇ ರೋಗ ತಗಲಿದ್ದ ತಾಯಿ ಮನೆಯ ಸಾಮಾನುಗಳನ್ನು ಮಾರಿ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದಳು; ಹೋದ ಸ್ವಲ್ಪ ಕಾಲದಲ್ಲೇ ತೀರಿಕೊಂಡಳು. ತಮ್ಮಂದಿರನ್ನೂ ತಂಗಿಯರನ್ನೂ ಸಲಹಿ, ನೋಯೆಲನನ್ನು ಶಾಲೆಗೆ ಸೇರಿಸಿದ ಅಕ್ಕನೂ ಮುಂದೆ ಕ್ಷಯಕ್ಕೇ ತುತ್ತಾದಳು. ಸಹಪಾಠಿಯೊಬ್ಬನ ಸಿರಿವಂತ ಬಂಧುಗಳು ದಯೆ ತೋರಿ ಈ ಅನಾಥ ಹುಡುಗನನ್ನು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ವೈದ್ಯಕೀಯ ಓದಿಸಿದರು. ಓದುತ್ತಿರುವಾಗಲೇ ಅವನಿಗೂ ಕ್ಷಯ ಅಂಟಿತು. ಅದೇ ದಯಾಳುಗಳು ಇಂಗ್ಲೆಂಡಿನ ಸ್ಯಾನಿಟೋರಿಯಮ್ಮಿನಲ್ಲಿ ಚಿಕಿತ್ಸೆ ಮಾಡಿಸಿದ್ದರಿಂದ ಬದುಕಿಕೊಂಡ. ಹಣವಂತರ ಸ್ನೇಹ ದೊರೆತವನು ಉಳಿದ, ದೊರೆಯದ ಅಕ್ಕ ಅಳಿದಳು ಎಂಬುದನ್ನು ಬ್ರೌನರು ಜೀವಮಾನದಲ್ಲಿ ಮರೆಯಲಿಲ್ಲ.

1948ರ ಚುನಾವಣೆಯಲ್ಲಿ ಅವರು ‘ಕ್ಲಾನ್ ನಾ ಪೊಬ್ಲಖ್ತ’ ಎಂಬ ಹೊಸ ಗಣತಂತ್ರವಾದಿ ಪಕ್ಷದಿಂದ ಗೆದ್ದರು. ಅದರ ನಾಯಕ ಶಾನ್ ಮ್ಯಾಕ್‌ಬ್ರೈಡ್. ಮುಂದೆ 1974ರಲ್ಲಿ ಶಾಂತಿಗಾಗಿ ನೊಬೆಲ್ ಬಹುಮಾನ ಪಡೆದವರು ಇವರೇ. ಹದಿನಾರು ವರ್ಷ ಬಿಡದೆ ಆಳಿದ್ದ ಏಮನ್ ಡಿ ವೆಲೆರಾ ಅವರನ್ನು ಇಳಿಸುವುದಕ್ಕಾಗಿ ಒಂದಕ್ಕೊಂದು ಹೊಂದದ ಐದು ಪಕ್ಷಗಳು ಒಂದಾಗಿ, ಫಿನಾ ಗೇಲ್ ಪಕ್ಷದ ವಕೀಲ ಜಾನ್ ಕಾಸ್ಟೆಲೊ ಅವರನ್ನು ಟೀಶಕ್ ಮಾಡಿದವು. ಫೆಬ್ರವರಿ 18ರಂದು ಬ್ರೌನರು ಮೊಟ್ಟಮೊದಲ ಬಾರಿಗೆ ಡಾಯ್ಲ್ ಸಭೆಯನ್ನು ಪ್ರವೇಶಿಸಿದರು. ಅದೇ ದಿನ ಆರೋಗ್ಯಮಂತ್ರಿಯೂ ಆದರು.

ಬಂದವರೇ ಕ್ಷಯದ ಮೇಲೆ ದಂಡೆತ್ತಿದರು. ಐರ್ಲೆಂಡಿನಲ್ಲಿ 1930ರಿಂದ ಆಸ್ಪತ್ರೆಗಳ ಹೆಸರಿನಲ್ಲಿ ಕುದುರೆ ಪಂದ್ಯದ ಲಾಟರಿಯೊಂದು ನಡೆಯುತ್ತಿತ್ತು. ಅದರ ನಿಧಿಯ ಬಡ್ಡಿಯನ್ನಷ್ಟೇ ಮುಟ್ಟುತ್ತಿದ್ದ ಪದ್ಧತಿಯನ್ನು ಬಿಟ್ಟು ಬ್ರೌನರು ಅಸಲಿಗೇ ಕೈಹಾಕಿ ಸ್ಯಾನಿಟೋರಿಯಮ್ಮುಗಳನ್ನು ಕಟ್ಟಿಸಿದರು. ಎರಡು ವರ್ಷಗಳ ಆಸುಪಾಸಿನಲ್ಲಿ ಸುಮಾರು 2000 ಹೊಸ ಹಾಸಿಗೆಗಳು ಸಿದ್ಧವಾದವು. ಅದೇ ವೇಳೆಗೆ ಸ್ಟ್ರೆಪ್ಟೊಮೈಸಿನ್ ಔಷಧವೂ ಬಿ.ಸಿ.ಜಿ. ಲಸಿಕೆಯೂ ಕೈಗೆ ಸಿಕ್ಕಿದ್ದು ದೈವಯೋಗ. ಸಾವಿನ ಸಂಖ್ಯೆ ಕಣ್ಣೆದುರಿಗೇ ಇಳಿಯತೊಡಗಿತು. ಕೀರ್ತಿಯೆಲ್ಲ ಅವರೊಬ್ಬರದೇ ಅಲ್ಲ. ಹಿಂದಿನ ಸರ್ಕಾರದವರು ಹಾಕಿದ್ದ ನಕ್ಷೆಗಳು ಅವರಿಗೆ ಒದಗಿಬಂದವು. ಆದರೂ ಕಪಾಟಿನಲ್ಲಿ ಮಲಗಿದ್ದ ನಕ್ಷೆಯನ್ನು ಎಬ್ಬಿಸಿ ಕಟ್ಟಡವಾಗಿಸಿದವರು ಅವರೇ.

ನಿರ್ದೇಶಕ ತತ್ವಗಳು

ಇನ್ನು ತಾಯಿ-ಮಕ್ಕಳ ಯೋಜನೆ. ಇದೂ ಬ್ರೌನರ ಸ್ವಂತ ಸೃಷ್ಟಿಯಲ್ಲ. ಡಿ ವೆಲೆರಾ ಅವರ ಸರ್ಕಾರ 1947ರಲ್ಲಿ ಮಾಡಿದ್ದ ಆರೋಗ್ಯ ಕಾಯಿದೆಯಲ್ಲೇ ಅದಕ್ಕೆ ಅಧಿಕಾರವಿತ್ತು. ಆಗಲೇ ಬಿಷಪ್ಪರು ಡಿ ವೆಲೆರಾ ಅವರಿಗೆ ಗುಟ್ಟಾಗಿ ಆಕ್ಷೇಪಣೆಯ ಪತ್ರ ಬರೆದಿದ್ದರು. ಆ ಆಕ್ಷೇಪಣೆಯನ್ನು ಬಗೆಹರಿಸುವ ಹೊಣೆ ಬಿದ್ದದ್ದು ಮುಂದೆ ಬಂದ ಸರ್ಕಾರದ ಮೇಲೆ.

ಐರ್ಲೆಂಡಿನ 1937ರ ಸಂವಿಧಾನವನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಕುಟುಂಬವೇ ಸಮಾಜದ ಮೂಲ ಘಟಕ, ಅದರ ಹಕ್ಕುಗಳು ಯಾವ ಶಾಸನಕ್ಕಿಂತಲೂ ಹಿರಿದಾದುವು ಎಂದು ಅದು ಸಾರುತ್ತದೆ. ಕ್ಯಾಥೊಲಿಕ್ ಚರ್ಚಿಗೆ ‘ವಿಶೇಷ ಸ್ಥಾನ’ ಉಂಟೆಂದೂ ಅದರಲ್ಲಿ ಬರೆದಿತ್ತು. ಆ ಮಾತನ್ನು 1972ರ ಜನಮತಗಣನೆ ತೆಗೆದುಹಾಕಿತು. ಅದೇ ಸಂವಿಧಾನದ 45ನೆಯ ವಿಧಿಯಲ್ಲಿ ಸಮಾಜನೀತಿಯ ನಿರ್ದೇಶಕ ತತ್ವಗಳಿವೆ. ಇವು ಪಾರ್ಲಿಮೆಂಟಿಗೆ ದಾರಿ ತೋರುವಂಥವು. ಇವನ್ನು ಹಿಡಿದು ಯಾರೂ ಕೋರ್ಟಿಗೆ ಹೋಗುವಂತಿಲ್ಲ.

ಈ ವಿಧಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನೆಗಲ್ ನರಸಿಂಗ ರಾಯರು 1947ರ ಕೊನೆಯಲ್ಲಿ ಹೊರದೇಶಗಳ ಪ್ರವಾಸ ಕೈಗೊಂಡಾಗ ಡಬ್ಲಿನ್ನಿಗೂ ಹೋಗಿ ಡಿ ವೆಲೆರಾ ಅವರನ್ನು ಕಂಡು ಮಾತನಾಡಿದ್ದರು. ನಮ್ಮ ಸಂವಿಧಾನದ ನಾಲ್ಕನೆಯ ಭಾಗಕ್ಕೆ ಐರ್ಲೆಂಡಿನ ಆ ವಿಧಿಯೇ ಮಾದರಿ. ಆದರೆ ನಮ್ಮವರು ಅದನ್ನು ಇದ್ದಂತೆಯೇ ಎತ್ತಿಕೊಳ್ಳದೆ ಬೆಳೆಸಿದರು. ಹೆರಿಗೆಯ ಕಾಲದ ನೆರವಿನ ಮಾತು ನಮ್ಮ 42ನೆಯ ವಿಧಿಯಲ್ಲಿ, ಸಾರ್ವಜನಿಕ ಆರೋಗ್ಯದ ಮಾತು 47ನೆಯ ವಿಧಿಯಲ್ಲಿ ಸ್ಪಷ್ಟವಾಗಿದೆ. ಇಲ್ಲಿ 1950ರ ಜನವರಿಯಲ್ಲಿ ಆ ಸಾಲುಗಳು ಜಾರಿಗೆ ಬಂದ ವರ್ಷವೇ, ಅದರ ತವರುಮನೆಯಲ್ಲಿ ಹೆರಿಗೆಯ ನೆರವು ಸರ್ಕಾರದ ಕೆಲಸವೇ ಎಂಬ ಜಗಳ ಹತ್ತಿತ್ತು.

ವೈದ್ಯರು, ಬಿಷಪ್ಪರು

ಮೊದಲು ಎದುರು ನಿಂತವರು ವೈದ್ಯರ ಸಂಘದವರು. ಎಲ್ಲ ತಾಯಂದಿರಿಗೂ ಪುಕ್ಕಟೆ ಎಂದರೆ ಖಾಸಗಿ ಫೀಜು ಕೊಡುವವರು ಉಳಿಯುವುದೆಲ್ಲಿ? ಈ ಭಯ ಅವರಿಗಿದ್ದುದು ಸಹಜ. ಡಾಕ್ಟರರು ಸರ್ಕಾರದ ನೌಕರರಾದರೆ ರೋಗಿಯ ಗುಟ್ಟು ಕಚೇರಿಯ ಕಡತವಾಗುವುದೆಂದು ಅವರು ಆಡಿದ ಇನ್ನೊಂದು ಮಾತನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವಂತಿರಲಿಲ್ಲ. ವರಮಾನಕ್ಕೊಂದು ಮಿತಿ ಹಾಕಿ, ಅದಕ್ಕೆ ಕೆಳಗಿನವರಿಗೆ ಮಾತ್ರ ಕೊಡಿ ಎಂದು ಅವರು ಕೇಳಿದರು. ಬ್ರೌನರು ಒಪ್ಪಲಿಲ್ಲ. ಮಿತಿ ಎಂದರೆ ವಿಚಾರಣೆ. ವಿಚಾರಣೆ ಎಂದರೆ ಮತ್ತೆ ಆ ಬೆಂಚು, ಆ ಚೀಟಿ. 1948ರ ಜುಲೈಯಿಂದ ಬ್ರಿಟನ್ನಿನಲ್ಲಿಯೂ, ಗಡಿಯಾಚೆಯ ಉತ್ತರ ಐರ್ಲೆಂಡಿನಲ್ಲಿಯೂ, ರಾಷ್ಟ್ರೀಯ ಆರೋಗ್ಯ ಸೇವೆ ಯಾರನ್ನೂ ವಿಚಾರಿಸದೆ ನಡೆಯುತ್ತಿತ್ತಲ್ಲ!

1950ರ ಅಕ್ಟೋಬರ್ 10ರಂದು ಮೇನೂತ್ ಎಂಬ ಊರಿನ ಗುರುಮಠದಲ್ಲಿ ಸೇರಿದ ಬಿಷಪ್ಪರು ಪ್ರಧಾನಿಗೆ ಪತ್ರ ಬರೆದರು. ಮಕ್ಕಳ ಆರೋಗ್ಯವನ್ನು ನೋಡಿಕೊಳ್ಳುವ ಹಕ್ಕು ತಂದೆತಾಯಿಗಳದು, ರಾಜ್ಯದ್ದಲ್ಲ; ನೂರಕ್ಕೆ ಹತ್ತು ಮಂದಿ ಬಡವರಿದ್ದರೆ ಅವರಿಗೆ ಸಹಾಯ ಮಾಡಬೇಕೇ ಹೊರತು ಉಳಿದ ತೊಂಬತ್ತು ಮಂದಿಯ ಹಕ್ಕನ್ನು ಕಸಿಯಬಾರದು; ತಾಯಂದಿರಿಗೆ ಆರೋಗ್ಯ ಬೋಧಿಸುವ ನೆಪದಲ್ಲಿ ಸಂತಾನ ನಿಯಂತ್ರಣದ ಮಾತು ಮನೆಯೊಳಗೆ ಬಂದೀತು—ಇದು ಪತ್ರದ ಸಾರ. ಮರುದಿನ ಬ್ರೌನರನ್ನು ಡಬ್ಲಿನ್ನಿನ ಆರ್ಚ್‌ಬಿಷಪ್ ಜಾನ್ ಚಾರ್ಲ್ಸ್ ಮೆಕ್‌ಕ್ವೇಡ್ ಅವರ ಮನೆಗೆ ಕರೆಸಿದರು. ಅಲ್ಲಿ ಇನ್ನಿಬ್ಬರು ಬಿಷಪ್ಪರಿದ್ದರು. ಬ್ರೌನರು ಓದಿದ್ದ ಟ್ರಿನಿಟಿ ಕಾಲೇಜಿಗೆ ಕ್ಯಾಥೊಲಿಕರು ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದ್ದವರು ಈ ಆರ್ಚ್‌ಬಿಷಪ್ಪರೇ ಎಂಬುದನ್ನು ನೆನೆದರೆ, ಆ ಕೊಠಡಿಯ ಗಾಳಿ ಹೇಗಿತ್ತೆಂದು ಊಹಿಸಬಹುದು.

ಬಿಷಪ್ಪರೆಲ್ಲರೂ ಒಂದೇ ಅಚ್ಚಿನವರೆಂದು ತಿಳಿಯಬಾರದು. ಇದಕ್ಕೆ ಐದಾರು ವರ್ಷ ಹಿಂದೆ ಕ್ಲೋನ್‌ಫರ್ಟಿನ ಬಿಷಪ್ ಜಾನ್ ಡಿಗ್ನನ್ ಅವರೇ ಡಿಸ್ಪೆನ್ಸರಿಯ ಅವಮಾನವನ್ನು ಖಂಡಿಸಿ, ವಿಮೆಯ ಆಧಾರದ ಮೇಲೆ ವ್ಯಾಪಕವಾದ ಆರೋಗ್ಯ ಯೋಜನೆಯೊಂದನ್ನು ಬರೆದು ಪ್ರಕಟಿಸಿದ್ದರು. ಆಗ ಅದನ್ನು ತಿರಸ್ಕರಿಸಿ, ಆರೋಗ್ಯ ವಿಮಾ ಸಂಘದ ಅಧ್ಯಕ್ಷ ಸ್ಥಾನದಲ್ಲಿ ಅವರನ್ನು ಮುಂದುವರಿಸದೆ ಬಿಟ್ಟವರು ಮಂತ್ರಿಗಳು! ಕಾಲ ಹೀಗೆ ಪಾತ್ರಗಳನ್ನು ಅದಲುಬದಲು ಮಾಡುತ್ತದೆ.

ಮೆಕ್‌ಕ್ವೇಡರ ಮನೆಯಿಂದ ಹೊರಬಂದ ಬ್ರೌನರು, ತಮ್ಮ ಮಾತು ಅವರಿಗೆ ಒಪ್ಪಿಗೆಯಾಯಿತೆಂದೇ ನಂಬಿದರು. ಬಿಷಪ್ಪರು ನಂಬಿದ್ದು ಬೇರೆ. ಬ್ರೌನರು ಬರೆದುಕೊಟ್ಟ ಲಿಖಿತ ಸಮಾಧಾನವನ್ನು ಬಿಷಪ್ಪರಿಗೆ ಮುಟ್ಟಿಸಬೇಕಾಗಿದ್ದ ಪ್ರಧಾನಿ ಕಾಸ್ಟೆಲೊ, ಅದನ್ನು ತಿಂಗಳುಗಟ್ಟಲೆ ತಮ್ಮಲ್ಲೇ ಇಟ್ಟುಕೊಂಡರು. ರಾಜಿಯ ದಾರಿ ಹುಡುಕುವುದಕ್ಕಾಗಿ ಹಾಗೆ ಮಾಡಿದೆನೆಂಬುದು ಅವರ ಸಮರ್ಥನೆ. ಪರಿಣಾಮವೇನೆಂದರೆ, 1951ರ ಮಾರ್ಚಿನಲ್ಲಿ ಬ್ರೌನರು ಯೋಜನೆಯ ವಿವರಗಳನ್ನು ದೇಶಕ್ಕೆ ಪ್ರಕಟಿಸಿದಾಗ ಆರ್ಚ್‌ಬಿಷಪ್ಪರು ಕೆರಳಿ ಪತ್ರ ಬರೆದರು.

ನೀತಿಬೋಧೆಯೋ, ಸಮಾಜಬೋಧೆಯೋ?

ಬ್ರೌನರು ಧರ್ಮದ್ರೋಹಿಯಲ್ಲ, ಚರ್ಚಿಗೆ ಹೋಗುತ್ತಿದ್ದ ಕ್ಯಾಥೊಲಿಕರು. ಅವರು ಧರ್ಮಶಾಸ್ತ್ರ ಬಲ್ಲ ಪಂಡಿತರೊಬ್ಬರನ್ನು ಕೇಳಿದರು: ಈ ಯೋಜನೆ ಚರ್ಚಿನ ನೀತಿಬೋಧೆಗೆ ವಿರುದ್ಧವೇ? ಅಲ್ಲವೆಂದು ಉತ್ತರ ಬಂತು. ಆದರೆ ಏಪ್ರಿಲ್ ಮೊದಲ ವಾರದಲ್ಲಿ ಸೇರಿದ ಬಿಷಪ್ಪರ ಸಭೆ, ಯೋಜನೆಯು ಕ್ಯಾಥೊಲಿಕ್ ‘ಸಮಾಜಬೋಧೆಗೆ’ ವಿರುದ್ಧವೆಂದು ತೀರ್ಪು ಕೊಟ್ಟಿತು. ಎರಡು ಪದಗಳ ನಡುವಣ ವ್ಯತ್ಯಾಸ ಸಣ್ಣದಲ್ಲ. ನೀತಿಬೋಧೆಯನ್ನು ಮೀರಿದರೆ ಪಾಪ; ಸಮಾಜ ಹೀಗೆ ನಡೆದರೆ ಮೇಲು ಎಂಬುದು ಅಭಿಪ್ರಾಯ. ಅಭಿಪ್ರಾಯಕ್ಕೆ ಉತ್ತರವಾಗಿ ಅಭಿಪ್ರಾಯವನ್ನು ಇಡಬಹುದು, ಡಾಯ್ಲ್ ಸಭೆಯಲ್ಲಿ ಮತಕ್ಕೆ ಹಾಕಬಹುದು ಎಂದು ಬ್ರೌನರು ವಾದಿಸಿದರು. ಏಪ್ರಿಲ್ 6ರಂದು ಸೇರಿದ ಮಂತ್ರಿಮಂಡಲದಲ್ಲಿ ಈ ಸೂಕ್ಷ್ಮ ಯಾರಿಗೂ ಬೇಕಾಗಿರಲಿಲ್ಲ. ಬಿಷಪ್ಪರು ಬೇಡವೆಂದಿದ್ದಾರೆ, ಯೋಜನೆ ಬಿಡೋಣ ಎಂದು ತೀರ್ಮಾನವಾಯಿತು. ನಾಲ್ಕು ದಿನಗಳ ಬಳಿಕ ಸ್ವಪಕ್ಷದ ನಾಯಕರಾದ ಮ್ಯಾಕ್‌ಬ್ರೈಡರೇ ಬ್ರೌನರ ರಾಜೀನಾಮೆ ಕೇಳಿ ಪತ್ರ ಕಳುಹಿಸಿದರು.

ಇಷ್ಟು ಹೇಳಿದ ಮೇಲೆ, ಬ್ರೌನರ ಕಡೆಯ ಕೊರತೆಯನ್ನೂ ಹೇಳದೆ ಇರಲಾಗದು. ಅವರು ಹಟವಾದಿ, ಸಹೋದ್ಯೋಗಿಗಳನ್ನು ಒಲಿಸಿಕೊಳ್ಳುವ ಜಾಣ್ಮೆ ಅವರಲ್ಲಿರಲಿಲ್ಲ, ಸಂಶಯ ಬಂದರೆ ಬಿಡುತ್ತಿರಲಿಲ್ಲ. ವೈದ್ಯರೊಡನೆ, ಬಿಷಪ್ಪರೊಡನೆ, ಸ್ವಪಕ್ಷದೊಡನೆ ಏಕಕಾಲದಲ್ಲಿ ಸೆಣಸಲು ನಿಂತವರು ಗೆಲ್ಲುವುದುಂಟೆ? ಇದನ್ನು ಅವರ ಅಭಿಮಾನಿಗಳಾದ ಚರಿತ್ರಕಾರರೂ ಒಪ್ಪುತ್ತಾರೆ.

ಆ ಮಧ್ಯಾಹ್ನದ ಸಭೆ

ಏಪ್ರಿಲ್ 12ರಂದು ಡಾಯ್ಲ್ ಸಭೆಯಲ್ಲಿ ಬ್ರೌನರು ಎದ್ದು ನಿಂತು ರಾಜೀನಾಮೆಯ ಹೇಳಿಕೆ ಕೊಟ್ಟರು. ಒಬ್ಬ ಕ್ಯಾಥೊಲಿಕನಾಗಿ ಬಿಷಪ್ಪರ ನಿರ್ಣಯಕ್ಕೆ ತಾವು ತಲೆಬಾಗುವುದಾಗಿಯೂ, ಆದರೆ ತಮ್ಮ ಸಹಮಂತ್ರಿಗಳು ಈ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ಒಪ್ಪಲಾರೆವೆಂದೂ ಹೇಳಿದರು. ಓದುಗರು ಇದನ್ನು ಗಮನಿಸಬೇಕು: ಬಂಡಾಯಗಾರನೆಂದು ಹೆಸರಾದ ವ್ಯಕ್ತಿ ಕೂಡ ಆ ಸಭೆಯಲ್ಲಿ ಚರ್ಚಿನ ಅಧಿಕಾರವನ್ನು ಪ್ರಶ್ನಿಸಲಿಲ್ಲ. ಆ ಕಾಲದ ಐರ್ಲೆಂಡಿನಲ್ಲಿ ಅದು ಸಾಧ್ಯವಿರಲಿಲ್ಲ. ಬ್ರೌನರು ಮಾಡಿದ್ದು ಇಷ್ಟೇ—ಕಾಗದಗಳನ್ನು ಜನರ ಮುಂದೆ ಇಟ್ಟರು.

ಕಾಸ್ಟೆಲೊ ಅವರ ಕೋಪಕ್ಕೂ ಅದೇ ಕಾರಣ. ದೀರ್ಘವಾದ ಉತ್ತರದಲ್ಲಿ ಅವರು, ಈ ವಿಷಯವೆಲ್ಲ ಖಾಸಗಿಯಾಗಿ, ಮುಚ್ಚಿದ ಬಾಗಿಲುಗಳ ಹಿಂದೆ ಸರಿಪಡಿಸಿಕೊಳ್ಳಬೇಕಾದದ್ದು. ಇದು ಬಹಿರಂಗ ವಿವಾದದ ವಸ್ತುವಾಗಬೇಕೆಂದು ಯಾರೂ ಎಣಿಸಿರಲಿಲ್ಲ ಎಂದರು. ಕ್ಯಾಥೊಲಿಕನಾದ ತಾವು ‘ಐರಿಷ್ ಟೈಮ್ಸ್’ ಏನೇ ಬರೆದರೂ ತಮ್ಮ ಚರ್ಚಿನ ಹಿರಿಯರಿಗೆ ವಿಧೇಯರಾಗಿಯೇ ಇರುವುದಾಗಿ ಸಾರಿದರು. ಅವರು ಕಪಟಿಯಲ್ಲ, ಮನಸ್ಸಿನಲ್ಲಿದ್ದುದನ್ನೇ ಹೇಳಿದರು. ಅದಕ್ಕೇ ಆ ಮಾತು ಉಳಿಯಿತು. ಪ್ರಜೆಗಳು ಆರಿಸಿದ ಸಭೆಯಲ್ಲಿ ಪ್ರಜೆಗಳ ಹೆಂಡಿರು ಮಕ್ಕಳ ಆರೋಗ್ಯದ ಮಾತು ಬರಬಾರದಾಗಿತ್ತು ಎಂದು ಪ್ರಧಾನಿಯೇ ಒಪ್ಪಿಕೊಂಡಂತಾಯಿತು.

ಎಲ್ಲರ ಕಣ್ಣೂ ವಿರೋಧ ಪಕ್ಷದ ನಾಯಕ ಡಿ ವೆಲೆರಾ ಅವರ ಕಡೆಗಿತ್ತು. ಸರ್ಕಾರವನ್ನು ತರಿದುಹಾಕಲು ಅದಕ್ಕಿಂತ ಒಳ್ಳೆಯ ದಿನ ಬಾರದು. ಆ ಮುದುಕ ಎದ್ದು ಆಡಿದ್ದು ಒಂದೇ ವಾಕ್ಯ: ಕೇಳಿದ್ದು ಸಾಕಾಯಿತು ಎನ್ನುವ ಅರ್ಥದ ಮಾತು. ತಮ್ಮ ಕಾಯಿದೆಗೇ ಬಿಷಪ್ಪರು 1947ರಲ್ಲಿ ಬರೆದಿದ್ದ ಪತ್ರ ಅವರ ನೆನಪಿನಲ್ಲಿದ್ದಿರಬೇಕು.

ರೋಮನ್ ಕ್ಯಾಥೊಲಿಕ್ ಚರ್ಚೇ ಈ ದೇಶದ ನಿಜವಾದ ಸರ್ಕಾರವೆಂದು ತೋರುತ್ತದೆ ಎಂದು ‘ಐರಿಷ್ ಟೈಮ್ಸ್’ ಸಂಪಾದಕೀಯ ಬರೆಯಿತು. ಉತ್ತರ ಐರ್ಲೆಂಡಿನ ಯೂನಿಯನಿಸ್ಟರಿಗೆ ಹಬ್ಬವೇ ಆಯಿತು. ಡಬ್ಲಿನ್ನಿನೊಡನೆ ಸೇರಿದರೆ ಪಾದ್ರಿಗಳ ಆಳ್ವಿಕೆಗೆ ಒಳಗಾಗುತ್ತೇವೆಂದು ಅವರು ಬಹುಕಾಲದಿಂದ ಹೇಳುತ್ತಿದ್ದರು. ಈಗ ಈ ಪತ್ರವ್ಯವಹಾರವನ್ನೇ ಪುಸ್ತಿಕೆಯಾಗಿ ಅಚ್ಚುಹಾಕಿ ಹಂಚಿದರು.

ಸೋತವನ ಗೆಲವು, ಗೆದ್ದವರ ಸೋಲು

ಕಾಸ್ಟೆಲೊ ಸರ್ಕಾರ ಬಹಳ ದಿನ ಬಾಳಲಿಲ್ಲ. ಕೊನೆಯ ಪೆಟ್ಟು ಬಿದ್ದುದು ಹಾಲಿನ ಬೆಲೆಯ ಜಗಳದಲ್ಲಿ, ಹಳ್ಳಿಯ ಕಡೆಯ ಪಕ್ಷೇತರರಿಂದ. ಮೇ 30ರ ಚುನಾವಣೆಯಲ್ಲಿ ಬ್ರೌನರು ಪಕ್ಷೇತರರಾಗಿ ನಿಂತು ಹಿಂದಿಗಿಂತ ಹೆಚ್ಚು ಮತ ಪಡೆದು ಗೆದ್ದರು. ಹಿಂದೆ ಹತ್ತು ಸ್ಥಾನ ಪಡೆದಿದ್ದ ಮ್ಯಾಕ್‌ಬ್ರೈಡರ ಪಕ್ಷಕ್ಕೆ ದೊರೆತದ್ದು ಎರಡೇ. ಬ್ರೌನರೂ ಸೇರಿದಂತೆ ಕೆಲವು ಪಕ್ಷೇತರರ ಬೆಂಬಲದಿಂದ ಡಿ ವೆಲೆರಾ ಮತ್ತೆ ಗದ್ದುಗೆ ಏರಿದರು.

ಹೊಸ ಆರೋಗ್ಯಮಂತ್ರಿ ಜೇಮ್ಸ್ ರಯನ್ ತಂದ 1953ರ ಮಸೂದೆಗೂ ಬಿಷಪ್ಪರು ಅಡ್ಡಬಂದರು. ಪತ್ರಿಕೆಗಳಿಗೆ ಕೊಡಲು ಖಂಡನೆಯ ಹೇಳಿಕೆಯನ್ನೂ ಸಿದ್ಧಪಡಿಸಿದ್ದರು. ಡಿ ವೆಲೆರಾ ಗದ್ದಲವಿಲ್ಲದೆ ಕಾರ್ಡಿನಲ್ ಡಾಲ್ಟನ್ ಅವರೊಡನೆ ಮಾತುಕತೆ ನಡೆಸಿ, ಕೆಲವು ತಿದ್ದುಪಡಿಗಳಿಗೆ ಒಪ್ಪಿ, ಆ ಹೇಳಿಕೆ ಅಚ್ಚಾಗದಂತೆ ನೋಡಿಕೊಂಡರು. ಕಾಯಿದೆಯಾಯಿತು. ಬಡ ಮತ್ತು ಮಧ್ಯಮ ವರ್ಗದ ತಾಯಂದಿರಿಗೆ ಹೆರಿಗೆಯ ಶುಶ್ರೂಷೆ ಉಚಿತವಾಯಿತು. ಮಗುವಿಗೆ ಆರು ವಾರಗಳ ವರೆಗೆ. 16 ವರ್ಷವೆಲ್ಲಿ, ಆರು ವಾರವೆಲ್ಲಿ! ಆದರೂ ಬಹುಪಾಲು ತಾಯಂದಿರಿಗೆ ಪ್ರಯೋಜನ ಸಿಕ್ಕಿತೆಂಬುದು ನಿಜ. ಬಹಿರಂಗದಲ್ಲಿ ಬ್ರೌನರು ಸೋತುದನ್ನು ಮುಚ್ಚಿದ ಬಾಗಿಲ ಹಿಂದೆ ಡಿ ವೆಲೆರಾ ಅರ್ಧಕ್ಕೆ ಗೆದ್ದರು. ಇದನ್ನು ಜಾಣತನವೆನ್ನಬೇಕೋ, ಶರಣಾಗತಿಯೆನ್ನಬೇಕೋ ಎಂಬ ವಾದ ಐರ್ಲೆಂಡಿನಲ್ಲಿ ಮುಗಿದಿಲ್ಲ. ಕೆಂಪು ಚೀಟಿಯ ಡಿಸ್ಪೆನ್ಸರಿ ಮಾತ್ರ 1972ರ ವರೆಗೂ ಉಳಿಯಿತು.

ಬೆಳಗಾವಿಯ ಸವಿತಾ

ತಾಯಿಯ ದೇಹದ ಮಾತು ಡಾಯ್ಲ್ ಸಭೆಯನ್ನು ಅಲ್ಲಿಗೆ ಬಿಡಲಿಲ್ಲ. ಮತ್ತೊಮ್ಮೆ ಗರ್ಭಿಣಿಯಾದರೆ ಪ್ರಾಣಕ್ಕೆ ಅಪಾಯವೆಂದು ವೈದ್ಯರು ಎಚ್ಚರಿಸಿದ್ದ ನಾಲ್ಕು ಮಕ್ಕಳ ತಾಯಿಯೊಬ್ಬಳು ಹೊರದೇಶದಿಂದ ತರಿಸಿದ ಗರ್ಭನಿರೋಧಕವನ್ನು ಸುಂಕದವರು ಜಫ್ತಿ ಮಾಡಿದರು. ಆಕೆ ಸುಪ್ರೀಂ ಕೋರ್ಟಿನ ವರೆಗೆ ಹೋಗಿ 1973ರಲ್ಲಿ ಗೆದ್ದಳು. ತೀರ್ಪಿಗೆ ತಕ್ಕ ಕಾನೂನು ಮಾಡಲು 1974ರ ಜುಲೈಯಲ್ಲಿ ಸರ್ಕಾರ ಮಸೂದೆ ತಂದಾಗ ಟೀಶಕ್ ಲಿಯಮ್ ಕಾಸ್‌ಗ್ರೇವ್ ಅವರೇ ಎದ್ದು ಹೋಗಿ ಸ್ವಂತ ಸರ್ಕಾರದ ಮಸೂದೆಗೆ ವಿರುದ್ಧವಾಗಿ ಮತ ಹಾಕಿದರು! 61ಕ್ಕೆ 75 ಮತಗಳಿಂದ ಅದು ಬಿದ್ದುಹೋಯಿತು. 1979ರಲ್ಲಿ ವೈದ್ಯರ ಚೀಟಿ ಇದ್ದರೆ ಮಾತ್ರ ಎಂಬ ಷರತ್ತಿನ ಕಾನೂನು ಬಂತು. 1985ರಲ್ಲಿ ಆ ಷರತ್ತನ್ನು ಸಡಿಲಿಸುವ ಮಸೂದೆ ಗೆದ್ದುದು ಮೂರೇ ಮತಗಳ ಅಂತರದಿಂದ.

ಇದರ ನಡುವೆ 1983ರಲ್ಲಿ, ಗರ್ಭದಲ್ಲಿರುವ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕೆಂದು ಸಂವಿಧಾನದಲ್ಲಿ ಬರೆದ ಎಂಟನೆಯ ತಿದ್ದುಪಡಿಗೆ ಜನಮತಗಣನೆಯಲ್ಲಿ ಮೂರರಲ್ಲಿ ಎರಡು ಪಾಲು ಮತ ಬಿತ್ತು. ಸಮಾನವೆಂದರೆ ಯಾವ ಕ್ಷಣದಲ್ಲಿ ಯಾವುದು ಮೊದಲು? ಅದನ್ನು ಬಿಡಿಸಿ ಹೇಳುವ ಕಾನೂನನ್ನು ಮಾಡಲು ಮುಂದಿನ ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ. ಮೂವತ್ತು ವರ್ಷ ಹಾಗೆಯೇ ಕಳೆಯಿತು.

ಬೆಳಗಾವಿಯಲ್ಲಿ ಬೆಳೆದು ದಂತವೈದ್ಯೆಯಾಗಿ, ಗಂಡನೊಡನೆ ಐರ್ಲೆಂಡಿನ ಗಾಲ್ವೇ ಪಟ್ಟಣದಲ್ಲಿ ನೆಲೆಸಿದ್ದ ಸವಿತಾ ಹಾಲಪ್ಪನವರ ಅವರು 2012ರ ಅಕ್ಟೋಬರಿನಲ್ಲಿ 17 ವಾರಗಳ ಗರ್ಭಿಣಿಯಾಗಿ ಆಸ್ಪತ್ರೆ ಸೇರಿದರು. ಗರ್ಭ ಉಳಿಯುವುದಿಲ್ಲವೆಂಬುದು ಖಚಿತವಾಗಿತ್ತು. ಅದನ್ನು ತೆಗೆಯಿರೆಂದು ಆಕೆ ಕೇಳಿಕೊಂಡರೂ, ಭ್ರೂಣದ ಹೃದಯ ಬಡಿಯುತ್ತಿರುವ ತನಕ ಕಾನೂನು ಬಿಡುವುದಿಲ್ಲವೆಂಬ ಉತ್ತರ ಬಂತು. ರಕ್ತಕ್ಕೆ ನಂಜು ಏರಿ ಅಕ್ಟೋಬರ್ 28ರಂದು ಆಕೆ ತೀರಿಕೊಂಡರು. ವಯಸ್ಸು 31. ನವೆಂಬರ್ 14ರಂದು ಆ ಸುದ್ದಿ ಅಚ್ಚಾದುದೂ ‘ಐರಿಷ್ ಟೈಮ್ಸ್’ ಪತ್ರಿಕೆಯಲ್ಲೇ. ಡಬ್ಲಿನ್ನಿನ ಬೀದಿಗಳಲ್ಲಿ ಸಾವಿರಾರು ಜನ ಮೇಣದ ಬತ್ತಿ ಹಿಡಿದು, ಈ ಕನ್ನಡ ನಾಡಿನ ಹೆಣ್ಣುಮಗಳ ಚಿತ್ರವನ್ನು ಎತ್ತಿಕೊಂಡು ನಡೆದರು.

2013ರ ಜುಲೈಯಲ್ಲಿ ಡಾಯ್ಲ್ ಸಭೆ ರಾತ್ರಿಯೆಲ್ಲ ಚರ್ಚಿಸಿ, ತಾಯಿಯ ಪ್ರಾಣಕ್ಕೆ ಅಪಾಯವಾದಾಗ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನನ್ನು 31ಕ್ಕೆ 127 ಮತಗಳಿಂದ ಅಂಗೀಕರಿಸಿತು. 2018ರ ಮೇ 25ರಂದು ಎಂಟನೆಯ ತಿದ್ದುಪಡಿಯೇ ಜನರ ಮುಂದೆ ಬಂತು. ಅದನ್ನು ರದ್ದುಮಾಡಿರೆಂದು ಐರ್ಲೆಂಡಿನ ಮತದಾರರಿಗೆ ಬೆಳಗಾವಿಯಿಂದ ಸವಿತಾ ಅವರ ತಂದೆ ಮನವಿ ಮಾಡಿಕೊಂಡಿದ್ದರು. ನೂರಕ್ಕೆ 66.4 ಮಂದಿ ರದ್ದತಿಯ ಪರವಾಗಿ ಮತ ಹಾಕಿದರು. ಆಗ ಟೀಶಕ್ ಆಗಿದ್ದ ಲಿಯೊ ವರಾಡ್ಕರ್ ಅವರೂ ಬ್ರೌನರಂತೆ ವೈದ್ಯರೇ. ಅವರ ತಂದೆ ಭಾರತದಿಂದ ಹೋಗಿ ನೆಲೆಸಿದವರು.

ಬ್ರೌನರು ಆ ದಿನವನ್ನು ಕಾಣಲಿಲ್ಲ. ಪಕ್ಷದಿಂದ ಪಕ್ಷಕ್ಕೆ ಅಲೆದು, ಎಲ್ಲಿಯೂ ಹೊಂದಿಕೊಳ್ಳದೆ, 1980ರ ದಶಕದ ಆರಂಭದಲ್ಲಿ ಡಾಯ್ಲ್ ಸಭೆಯಿಂದ ನಿವೃತ್ತರಾಗಿ ಪಶ್ಚಿಮದ ಕಡಲತೀರದ ಕಾನಮಾರದಲ್ಲಿ ನೆಲೆಸಿದ್ದರು. 1986ರಲ್ಲಿ ಅವರ ಆತ್ಮಕಥೆ ಹೊರಬಂದಾಗ, 1951ರ ಜಗಳ ಮುಗಿದೇ ಇಲ್ಲವೇನೋ ಎಂಬಂತೆ ಜನ ಅದನ್ನು ಕೊಂಡು ಓದಿದರು. 1997ರ ಮೇ ತಿಂಗಳಲ್ಲಿ ಅವರು ಕಾಲವಾದರು.

ಹೆರಿಗೆಯ ಮೊದಲೂ ಅನಂತರವೂ ಡಾಕ್ಟರರ ಶುಶ್ರೂಷೆಯನ್ನು ಐರ್ಲೆಂಡ್ ಈಗ ತಾಯಿಯ ಆದಾಯ ಕೇಳದೆಯೇ ಕೊಡುತ್ತದೆ. ಮಕ್ಕಳ ವಿಷಯದಲ್ಲಿ ನಡಿಗೆ ನಿಧಾನ: ಆರು ವರ್ಷದೊಳಗಿನ ಮಕ್ಕಳೆಲ್ಲರಿಗೂ ಡಾಕ್ಟರರ ಭೇಟಿ ಉಚಿತವಾದುದು 2015ರಲ್ಲಿ. 2023ರ ಆಗಸ್ಟಿನಲ್ಲಿ ಅದನ್ನು ಎಂಟು ವರ್ಷದೊಳಗಿನವರಿಗೆ ವಿಸ್ತರಿಸಲಾಯಿತು. ಬ್ರೌನರು ಕೇಳಿದ್ದು 16.